ನ್ಯೂರೆಂಬರ್ಗಿನ ವಸ್ತುಸಂಗ್ರಹಾಲಯ ಮತ್ತು ಓದುಗನ ಹೊಣೆ

ಸರ್ವಾಧಿಕಾರಗಳ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯ ಬಗೆಯವು ಹಿಂಸೆಯ ಕೊನೆಯ ಘಟ್ಟವನ್ನು ತೋರಿಸುತ್ತವೆ. ಆಶ್‌ವಿಟ್ಸ್ ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಅಲ್ಲಿ ಕಾಲಿಟ್ಟವನಿಗೆ ತಾನು ಯಾರ ಪಕ್ಷದಲ್ಲಿ ನಿಲ್ಲಬೇಕೆಂಬ ಸಂದೇಹ ಹುಟ್ಟುವುದಿಲ್ಲ. ಎರಡನೆಯ ಬಗೆಯವು ಮೊದಲ ಘಟ್ಟವನ್ನು, ಎಂದರೆ ಜನಸಮೂಹ ಆ ಆಡಳಿತವನ್ನು ಹರ್ಷೋದ್ಗಾರದಿಂದ ಬರಮಾಡಿಕೊಂಡ ಘಟ್ಟವನ್ನು ತೋರಿಸುತ್ತವೆ. ಇಲ್ಲಿ ಕಾಣುವುದು ಬಾವುಟ, ದೀಪ, ವಾದ್ಯಮೇಳ, ಹೂಗುಚ್ಛ ಹಿಡಿದ ಮಕ್ಕಳ ನಗುಮುಖ. ನೋಡುಗನು ಎಲ್ಲಿ ನಿಲ್ಲಬೇಕೆಂಬುದು ಇಲ್ಲಿ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ, ನಾಜಿ ಪಕ್ಷದ ಸಮಾವೇಶಗಳು ನಡೆದ ನೆಲದಲ್ಲಿಯೇ ಇರುವ ದಾಖಲಾ ಕೇಂದ್ರವು ಈ ಎರಡನೆಯ ಬಗೆಗೆ ಸೇರಿದ್ದು. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಚರಿತ್ರೆಯ ವಿಷಯವೆಂದು ಬದಿಗಿಡುವುದು ಸರಿಯಲ್ಲ. ಅಲಂಕಾರ, ಶಬ್ದಾರ್ಥ, ರಸ ಎಂಬ ತಮ್ಮದೇ ಪರಿಭಾಷೆಯ ಪ್ರಶ್ನೆಗಳು ಅಲ್ಲಿ ಅತ್ಯಂತ ಭೀಕರವಾದ ರೂಪದಲ್ಲಿ ಎದುರಾಗುತ್ತವೆ.

ನ್ಯೂರೆಂಬರ್ಗನ್ನು ಆಯ್ದುಕೊಂಡದ್ದರಲ್ಲಿಯೇ ಒಂದು ಸಾಹಿತ್ಯಿಕ ಲೆಕ್ಕಾಚಾರವಿತ್ತು. ಮಧ್ಯಯುಗದ ಸಾಮ್ರಾಜ್ಯದ ಸ್ಮೃತಿಗಳಿಂದ ತುಂಬಿದ ಊರು ಅದು. ಹೊಸದಾಗಿ ಆಯ್ಕೆಯಾದ ಅರಸನು ತನ್ನ ಮೊದಲ ಸಭೆಯನ್ನು ಅಲ್ಲಿಯೇ ನಡೆಸಬೇಕೆಂದು 1356ರ ಶಾಸನವೊಂದು ವಿಧಿಸಿತ್ತು. ಚಿತ್ರಕಾರ ಡ್ಯೂರರ್ ಅಲ್ಲಿಯವನು. ಚಮ್ಮಾರ ಕಸುಬಿನ ಕವಿ ಹಾನ್ಸ್ ಸಾಕ್ಸ್ ಅಲ್ಲಿಯವನು. ಆ ಕವಿಯನ್ನು ಪಾತ್ರವಾಗಿಸಿ ವಾಗ್ನರ್ ರಚಿಸಿದ ಗೀತನಾಟಕದ ನೆಲೆಯೂ ಅದೇ. 1933ರಿಂದ 1938ರವರೆಗೆ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ನಡೆದ ಸಮಾವೇಶಗಳು ಈ ಪರಂಪರೆಯನ್ನೆಲ್ಲ ತಮ್ಮ ಹಿನ್ನೆಲೆಯ ಪರದೆಯಾಗಿ ಎಳೆದುಕೊಂಡವು. ಹಳೆಯ ಸಾಮ್ರಾಜ್ಯದ ಕಿರೀಟ ಮೊದಲಾದ ರಾಜಚಿಹ್ನೆಗಳನ್ನು 1938ರಲ್ಲಿ ವಿಯೆನ್ನಾದಿಂದ ಅಲ್ಲಿಗೆ ತರಿಸಲಾಯಿತು. ಹತ್ತಾರು ವರ್ಷಗಳ ವಯಸ್ಸೂ ಇಲ್ಲದ ಪಕ್ಷವೊಂದು ಸಾವಿರ ವರ್ಷಗಳ ಚರಿತ್ರೆಯ ಸಹಜ ಫಲವೆಂಬಂತೆ ತನ್ನನ್ನು ತೋರಿಸಿಕೊಂಡಿತು. ಪರಂಪರೆಯ ಅಧ್ಯಯನವನ್ನೇ ವೃತ್ತಿಯಾಗಿಸಿಕೊಂಡವರು ಈ ಅಪಹರಣದ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು. ಪರಂಪರೆ ನಾಶವಾಗುವುದು ಮರೆವಿನಿಂದ ಮಾತ್ರವಲ್ಲ. ಆಯ್ದ ನೆನಪಿನ ಅಬ್ಬರದಿಂದಲೂ ಅದು ನಾಶವಾಗುತ್ತದೆ.

ನಗರದ ಆಗ್ನೇಯ ಭಾಗದಲ್ಲಿ, ಕೆರೆಯೊಂದರ ಸುತ್ತ, ಸುಮಾರು 11 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಸಮಾವೇಶದ ಮೈದಾನಗಳ ಯೋಜನೆ ಸಿದ್ಧವಾಗಿತ್ತು. ಅದರಲ್ಲಿ ಮುಗಿದದ್ದು ಕಡಿಮೆ, ಅರೆಬರೆಯಾಗಿ ಉಳಿದದ್ದು ಹೆಚ್ಚು. ನಾಲ್ಕು ಲಕ್ಷ ಜನರಿಗಾಗಿ ಯೋಜಿಸಿದ ಕ್ರೀಡಾಂಗಣದ ಅಡಿಪಾಯದ ಹೊಂಡ ಇಂದು ನೀರು ತುಂಬಿದ ಕೊಳ. ರೋಮಿನ ಕೊಲೋಸಿಯಮ್ಮನ್ನು ಅನುಕರಿಸಿ ಐವತ್ತು ಸಾವಿರ ಜನ ಕೂರುವಂತೆ ಯೋಜಿಸಿದ ಸಭಾಭವನಕ್ಕೆ 1935ರಲ್ಲಿ ಶಂಕುಸ್ಥಾಪನೆಯಾಯಿತು. ಯುದ್ಧ ಆರಂಭವಾದ ಮೇಲೆ ಕೆಲಸ ನಿಂತು, ಚಾವಣಿಯಿಲ್ಲದ ಕುದುರೆಲಾಳದ ಆಕಾರದ ಗೋಡೆಗಳಷ್ಟೇ ಉಳಿದವು. ದಾಖಲಾ ಕೇಂದ್ರವಿರುವುದು ಈ ಭವನದ ಉತ್ತರ ಪಾರ್ಶ್ವದಲ್ಲಿ. ಅದು ಆರಂಭವಾದದ್ದು 2001ರ ನವೆಂಬರಿನಲ್ಲಿ. ಯುದ್ಧ ಮುಗಿದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ನಗರವು ತನ್ನ ಈ ಭಾಗವನ್ನು ವ್ಯವಸ್ಥಿತವಾಗಿ ಓದಲು ತೊಡಗಿತೆಂಬುದು ಗಮನಾರ್ಹ.

ಆಸ್ಟ್ರಿಯಾದ ವಾಸ್ತುಶಿಲ್ಪಿ ಗ್ಯುಂಥರ್ ಡೊಮೆನಿಗ್ ಈ ಕೇಂದ್ರವನ್ನು ರೂಪಿಸಿದ ಬಗೆಯೇ ಒಂದು ವಿಮರ್ಶೆಯಂತಿದೆ. ಹಳೆಯ ಭವನದಲ್ಲಿ ಎಲ್ಲವೂ ಲಂಬಕೋನ, ಎಲ್ಲವೂ ಸಮಮಿತಿ. ಡೊಮೆನಿಗ್ ಅದರೊಳಗೆ ಗಾಜು ಮತ್ತು ಉಕ್ಕಿನ ಉದ್ದನೆಯ ಮಾರ್ಗವೊಂದನ್ನು ಈಟಿಯಂತೆ ಓರೆಯಾಗಿ ತೂರಿಸಿದರು. ಹಳೆಯ ಗೋಡೆಗಳಿಗೆ ಗಿಲಾವು ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. ಆದ್ದರಿಂದ ಹೊರಗಿನಿಂದ ಗ್ರಾನೈಟಿನ ಗಾಂಭೀರ್ಯದಲ್ಲಿ ಕಾಣುವ ಕಟ್ಟಡ ಒಳಗೆ ಬರಿಯ ಇಟ್ಟಿಗೆಯದೆಂಬುದು ನೋಡುಗನಿಗೆ ತಾನೇ ತಾನಾಗಿ ಗೊತ್ತಾಗುತ್ತದೆ. ಓರೆಯಾದ ಮಾರ್ಗದ ಕೊನೆಯಲ್ಲಿ ಅವನು ಬಂದು ನಿಲ್ಲುವುದು ಭವನದ ಬೃಹತ್ತಾದ ಖಾಲಿ ಅಂಗಳದ ಮೇಲೆ. ನಾಯಕನು ನಿಲ್ಲಬೇಕೆಂದು ಯೋಜಿಸಿದ್ದ ಸ್ಥಳದಿಂದ ಆ ಕಟ್ಟಡವನ್ನು ನೋಡುವ ಅವಕಾಶವನ್ನು ಈ ಮಾರ್ಗ ಕೊಡುವುದಿಲ್ಲ. ಪಠ್ಯವೊಂದು ತನ್ನನ್ನು ಹೇಗೆ ಓದಬೇಕೆಂದು ಅಪ್ಪಣೆ ಮಾಡುತ್ತದೆಯೋ ಹಾಗೆ ಓದಲು ನಿರಾಕರಿಸುವುದು ಇದರ ಮರ್ಮ.

ಕೇಂದ್ರದ ಮೊದಲ ಶಾಶ್ವತ ಪ್ರದರ್ಶನಕ್ಕೆ ‘ಆಕರ್ಷಣೆ ಮತ್ತು ಹಿಂಸೆ’ ಎಂಬ ಅರ್ಥದ ಹೆಸರಿತ್ತು. ಸುಮಾರು ಎರಡು ದಶಕಗಳ ಕಾಲ ನಡೆದ ಆ ಪ್ರದರ್ಶನದ ಇಡೀ ವಿಚಾರಸರಣಿ ‘ಮತ್ತು’ ಎಂಬ ಪುಟ್ಟ ಅವ್ಯಯದಲ್ಲಿ ಅಡಗಿದೆ. ಹಿಂಸೆಯನ್ನಷ್ಟೇ ತೋರಿಸಿದರೆ ನಾಜಿಗಳು ಬೇರೊಂದು ಲೋಕದ ರಾಕ್ಷಸರಾಗಿಬಿಡುತ್ತಾರೆ. ನೋಡುಗನು ತಾನು ಸುರಕ್ಷಿತನೆಂದು ಭಾವಿಸಿ ಮನೆಗೆ ಹೋಗುತ್ತಾನೆ. ಆಕರ್ಷಣೆಯನ್ನಷ್ಟೇ ತೋರಿಸಿದರೆ ವಸ್ತುಸಂಗ್ರಹಾಲಯವೇ ಪ್ರಚಾರದ ಮರುಪ್ರಸಾರವಾಗುತ್ತದೆ. ಎರಡನ್ನೂ ಒಂದೇ ನೋಟದಲ್ಲಿ ಹಿಡಿದಾಗ ಮಾತ್ರ ಅವುಗಳ ನಡುವಣ ಕಾರ್ಯಕಾರಣ ಸಂಬಂಧ ಗೋಚರಿಸುತ್ತದೆ. ಆ ಸಂಬಂಧವು ರೂಪಕದ್ದಲ್ಲ, ವ್ಯವಹಾರದ್ದು. ನಾಜಿ ಕಟ್ಟಡಗಳಿಗೆ ಬೇಕಾದ ಗ್ರಾನೈಟನ್ನು ಒಡೆಯಿಸುವ ಸಲುವಾಗಿಯೇ ಫ್ಲೋಸೆನ್‌ಬರ್ಗ್, ಮೌಟ್‌ಹೌಸೆನ್ ಮೊದಲಾದ ಕಲ್ಲುಗಣಿಗಳ ಬಳಿ ಯಾತನಾ ಶಿಬಿರಗಳನ್ನು ಸ್ಥಾಪಿಸಲಾಯಿತು. ಭವ್ಯತೆಯ ಬೆಲೆಯನ್ನು ತೆತ್ತವರು ಅದನ್ನು ಕಣ್ಣಿನಿಂದ ಕಂಡವರಲ್ಲ.

ಏಳಿಗೆಯ ಅಂಕಿಅಂಶಗಳು ಪ್ರಸಿದ್ಧವಾದವೇ ಆದರೂ ಮತ್ತೆ ಮತ್ತೆ ಓದತಕ್ಕವು. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ದೊರೆತ ಮತ ಶೇ. 2.6. ಆರ್ಥಿಕ ಕುಸಿತದ ನಂತರ 1930ರಲ್ಲಿ ಅದು ಶೇ. 18.3ಕ್ಕೂ, 1932ರ ಜುಲೈನಲ್ಲಿ ಶೇ. 37ಕ್ಕೂ ಏರಿತು. ಅದೇ ವರ್ಷದ ನವೆಂಬರಿನಲ್ಲಿ ಶೇ. 33ಕ್ಕೆ ಇಳಿಯಿತು. ಆ ಇಳಿತದ ನಂತರವೇ, 1933ರ ಜನವರಿ 30ರಂದು, ಹಿಟ್ಲರನನ್ನು ಚಾನ್ಸಲರ್ ಸ್ಥಾನಕ್ಕೆ ನೇಮಿಸಲಾಯಿತು. ಫೆಬ್ರವರಿ ಕೊನೆಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆಜ್ಞೆ ಹೊರಟಿತು. ಆಗಲೂ, ಮಾರ್ಚ್ 5ರ ಚುನಾವಣೆಯಲ್ಲಿ, ಪಕ್ಷಕ್ಕೆ ದೊರೆತದ್ದು ಶೇ. 43.9 ಮಾತ್ರ. ಪ್ರಚಾರವೇ ಎಲ್ಲವನ್ನೂ ಸಾಧಿಸಿತೆಂಬ ಜನಪ್ರಿಯ ನಂಬಿಕೆಯನ್ನು ಈ ಅಂಕಿಗಳು ಸಮರ್ಥಿಸುವುದಿಲ್ಲ. ಅಧಿಕಾರದ ಬಾಗಿಲನ್ನು ತೆರೆದವರು ತಮಗೆ ಲಾಭವಾಗುವುದೆಂದು ನಂಬಿದ್ದ ಪ್ರತಿಷ್ಠಿತ ರಾಜಕಾರಣಿಗಳು. ಪ್ರಚಾರದ ನಿಜವಾದ ಕೆಲಸ ಆಮೇಲಿನದು: ಬಲದಿಂದ ಪಡೆದದ್ದನ್ನು ಜನ ಮನಸಾರೆ ಕೊಟ್ಟಂತೆ ತೋರಿಸುವುದು, ಒಪ್ಪದವನಿಗೆ ತಾನೊಬ್ಬನೇ ಒಪ್ಪದವನೆಂಬ ಭಾವನೆ ತರಿಸುವುದು.

ಈ ಕೆಲಸಕ್ಕೆ ರೇಡಿಯೋ ನೆರವಾದ ಬಗೆಯನ್ನು ನೋಡಬೇಕು. 1933ರ ಆಗಸ್ಟಿನಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ‘ಜನತೆಯ ಗ್ರಾಹಕಯಂತ್ರ’ ಎಂಬ ಹೆಸರಿನ ಅಗ್ಗದ ರೇಡಿಯೋ 76 ಮಾರ್ಕಿನ ಬೆಲೆಗೆ ಬಿಡುಗಡೆಯಾಯಿತು. ಅದರ ಮಾದರಿಸಂಖ್ಯೆ 301. ಅದು ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ಸೂಚಕ. 1938ರಲ್ಲಿ 35 ಮಾರ್ಕಿನ ಇನ್ನೂ ಅಗ್ಗದ ಯಂತ್ರ ಬಂದಿತು. ಬಡವನ ಮನೆಗೆ ಸಂಗೀತವೂ ಸುದ್ದಿಯೂ ಬಂದದ್ದು ಸುಳ್ಳಲ್ಲ. ಅದೇ ದಾರಿಯಲ್ಲಿ ಅಪ್ಪಣೆಯೂ ಬಂದಿತು. ಕೊಡುಗೆಯೆಂದು ಬಂದದ್ದನ್ನು ಜನ ಅನುಮಾನದಿಂದ ನೋಡುವುದು ಅಪರೂಪ.

ಸಮಾವೇಶದ ಅನುಭವವನ್ನು ಭಾರತೀಯ ಕಾವ್ಯಮೀಮಾಂಸೆಯ ಬೆಳಕಿನಲ್ಲಿ ಪರಿಶೀಲಿಸಿದರೆ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಝೆಪೆಲಿನ್ ಮೈದಾನದ ಸುತ್ತ ನೂರಕ್ಕೂ ಹೆಚ್ಚು ಸರ್ಚ್‌ಲೈಟುಗಳನ್ನು ಆಕಾಶಕ್ಕೆ ಮುಖಮಾಡಿ ನಿಲ್ಲಿಸಿ, ರಾತ್ರಿಯಲ್ಲಿ ಬೆಳಕಿನ ಕಂಬಗಳ ದೇವಾಲಯವನ್ನೇ ಸೃಷ್ಟಿಸಿದನು. ಅದರೊಳಗೆ ನಿಂತ ಲಕ್ಷಾಂತರ ಜನರಿಗೆ ‘ನಾನು’ ಕರಗಿದ ಅನುಭವವಾಯಿತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಭಟ್ಟನಾಯಕನು ಪ್ರತಿಪಾದಿಸಿದ ಸಾಧಾರಣೀಕರಣದಲ್ಲಿಯೂ ಸಹೃದಯನ ‘ನಾನು’ ಕರಗುತ್ತದೆ. ಹಾಗಾದರೆ ಎರಡಕ್ಕೂ ಭೇದವೇನು? ಕಾವ್ಯದಲ್ಲಿ ಕರಗಿದ ‘ನಾನು’ ಯಾರನ್ನೂ ಹೊರಗಿಡದ ವಿಶಾಲತೆಗೆ ತೆರೆದುಕೊಳ್ಳುತ್ತದೆ. ಶತ್ರುವಿನ ಶೋಕವೂ ಅಲ್ಲಿ ಕರುಣರಸಕ್ಕೆ ವಸ್ತುವಾಗಬಲ್ಲದು. ಸಮಾವೇಶದಲ್ಲಿ ಕರಗಿದ ‘ನಾನು’ ಎರಕವಾಗುವುದು ‘ನಾವು’ ಎಂಬ ಅಚ್ಚಿನಲ್ಲಿ. ಆ ‘ನಾವು’ ನಿಲ್ಲಲು ಒಬ್ಬ ‘ಅವನು’ ಹೊರಗೆ ಇರಲೇಬೇಕು. ಅಭಿನವಗುಪ್ತನ ದೃಷ್ಟಿಯಲ್ಲಿ ರಸಾನುಭವದ ನೆಲೆ ವಿಶ್ರಾಂತಿ. ಸಮಾವೇಶದ ನೆಲೆ ಆಜ್ಞಾಪಾಲನೆ. ಒಂದು ಕಲಾನುಭವ ಮುಗಿದ ಮೇಲೆ ನಮ್ಮಿಂದ ಏನನ್ನು ಕೇಳುತ್ತದೆ ಎಂಬ ಪ್ರಶ್ನೆಯಿಂದಲೇ ಅದರ ಜಾತಿಯನ್ನು ಗುರುತಿಸಬಹುದು.

1934ರ ಸಮಾವೇಶವನ್ನು ಕುರಿತು ಲೆನಿ ರೀಫೆನ್‌ಸ್ಟಾಲ್ ನಿರ್ದೇಶಿಸಿದ ‘ಸಂಕಲ್ಪದ ವಿಜಯ’ ಎಂಬ ಅರ್ಥದ ಚಿತ್ರ 1935ರ ಮಾರ್ಚಿನಲ್ಲಿ ತೆರೆಕಂಡಿತು. ಮೋಡಗಳ ನಡುವಿನಿಂದ ವಿಮಾನವೊಂದು ಊರಿನ ಮೇಲೆ ಇಳಿದುಬರುವುದರೊಂದಿಗೆ ಅದು ಆರಂಭವಾಗುತ್ತದೆ. ನಾಯಕನು ಅವತಾರಪುರುಷನೆಂದು ಯಾರೂ ಹೇಳುವುದಿಲ್ಲ. ಹೇಳುವ ಅಗತ್ಯ ಬೀಳದಂತೆ ದೃಶ್ಯವನ್ನು ಜೋಡಿಸಲಾಗಿದೆ. ಕನ್ನಡದ ಸಂಶೋಧಕರಿಗೆ ಶಾಸನಗಳ ಪ್ರಶಸ್ತಿಭಾಗದ ಅತಿಶಯೋಕ್ತಿ ಹೊಸದಲ್ಲ. ದಾನಶಾಸನದಲ್ಲಿ ಅರಸನು ಸಮುದ್ರಪರ್ಯಂತ ಭೂಮಿಯನ್ನು ಆಳಿದನೆಂದಿದ್ದರೆ ಅದರಲ್ಲಿ ಎಷ್ಟನ್ನು ತಳ್ಳಿಹಾಕಬೇಕೆಂಬುದನ್ನು ಶಾಸನತಜ್ಞನು ಬಲ್ಲ. ಪ್ರಶಸ್ತಿಯು ತಾನು ಪ್ರಶಸ್ತಿಯೆಂಬುದನ್ನು ಮರೆಮಾಚುವುದಿಲ್ಲ. ಅದರ ಬಿರುದಾವಳಿ, ಪ್ರಾಸ, ಉಪಮೆಗಳೇ ಅದರ ಗುರುತು. ಆಧುನಿಕ ಪ್ರಚಾರ ತನ್ನ ಪ್ರಕಾರವನ್ನು ಮರೆಮಾಚುತ್ತದೆ. ತಾನು ಸ್ತುತಿಯಲ್ಲ, ನಡೆದದ್ದರ ದಾಖಲೆ ಎಂದು ಹೇಳಿಕೊಳ್ಳುತ್ತದೆ. ಆ ಚಿತ್ರಕ್ಕಾಗಿ ಧ್ವಜಸ್ತಂಭದ ಮೇಲೆ ಕ್ಯಾಮೆರಾ ಏರಿಳಿಯಲು ಲಿಫ್ಟ್ ಅಳವಡಿಸಿದ್ದರೆಂಬುದನ್ನು ನೆನೆದರೆ, ನಡೆದದ್ದನ್ನು ಚಿತ್ರಿಸಿದರೋ ಚಿತ್ರಕ್ಕಾಗಿ ನಡೆಸಿದರೋ ಎಂಬ ಪ್ರಶ್ನೆ ಏಳುತ್ತದೆ.

ಪದಗಳ ವಿಷಯದಲ್ಲಿಯೂ ಹೀಗೆಯೇ. ಪ್ರತಿವರ್ಷದ ಸಮಾವೇಶಕ್ಕೂ ಒಂದು ಹೆಸರಿತ್ತು. 1935ರದು ‘ಸ್ವಾತಂತ್ರ್ಯದ ಸಮಾವೇಶ’. ಯಹೂದಿಗಳ ಪೌರತ್ವವನ್ನು ಕಸಿದುಕೊಂಡು, ಅವರೊಡನೆ ವಿವಾಹಸಂಬಂಧವನ್ನು ಅಪರಾಧವಾಗಿಸಿದ ನ್ಯೂರೆಂಬರ್ಗ್ ಕಾನೂನುಗಳು ಘೋಷಿತವಾದದ್ದು ಇದೇ ಸಮಾವೇಶದ ಸಂದರ್ಭದಲ್ಲಿ, ಸೆಪ್ಟೆಂಬರ್ 15ರಂದು. 1939ರ ಸೆಪ್ಟೆಂಬರ್ 2ರಂದು ಆರಂಭವಾಗಬೇಕಿದ್ದುದರ ಹೆಸರು ‘ಶಾಂತಿಯ ಸಮಾವೇಶ’. ಹಿಂದಿನ ದಿನವೇ ಜರ್ಮನ್ ಸೇನೆ ಪೋಲೆಂಡಿನ ಮೇಲೆ ದಾಳಿ ಮಾಡಿದ್ದರಿಂದ ಅದು ನಡೆಯಲಿಲ್ಲ. ಪದ ಹೀಗೆ ತನ್ನ ವಿರುದ್ಧಾರ್ಥವನ್ನು ಹೊತ್ತು ತಿರುಗುವಾಗ ಅದನ್ನು ಗುರುತು ಹಾಕಿಕೊಳ್ಳುತ್ತಾ ಹೋದವರು ವಿಕ್ಟರ್ ಕ್ಲೆಂಪರರ್. ಡ್ರೆಸ್ಡೆನ್ನಿನಲ್ಲಿ ಫ್ರೆಂಚ್ ಮೊದಲಾದ ರೊಮಾನ್ಸ್ ಭಾಷಾಸಾಹಿತ್ಯಗಳ ಪ್ರಾಧ್ಯಾಪಕರಾಗಿದ್ದ ಅವರನ್ನು ಯಹೂದಿ ಮೂಲದವರೆಂಬ ಕಾರಣದಿಂದ 1935ರಲ್ಲಿ ಹುದ್ದೆಯಿಂದ ತೆಗೆಯಲಾಯಿತು. ಗ್ರಂಥಾಲಯದ ಬಾಗಿಲೂ ಮುಚ್ಚಿದ ಮೇಲೆ ತಮ್ಮ ಸುತ್ತ ಕೇಳಿಬರುವ ಮಾತನ್ನೇ ಅವರು ಅಧ್ಯಯನದ ಪಠ್ಯವಾಗಿಸಿಕೊಂಡರು. ದಿನಚರಿಯ ಆ ಟಿಪ್ಪಣಿಗಳಿಂದ 1947ರಲ್ಲಿ ನಾಜಿ ಆಡಳಿತದ ಭಾಷೆಯನ್ನು ಕುರಿತ ಗ್ರಂಥ ಹೊರಬಂದಿತು. ‘ಮತಾಂಧ’ ಎಂಬ ನಿಂದಾರ್ಥಕ ವಿಶೇಷಣ ಹೊಗಳಿಕೆಯಾದದ್ದು, ವಿಚಾರಣೆಯಿಲ್ಲದ ಬಂಧನಕ್ಕೆ ‘ರಕ್ಷಣಾತ್ಮಕ ಬಂಧನ’ ಎಂದೂ ಕೊಲೆಗೆ ‘ವಿಶೇಷ ಉಪಚಾರ’ ಎಂದೂ ಕಡತಗಳಲ್ಲಿ ಬರೆದದ್ದು ಇವೆಲ್ಲ ಆ ಕಾಲದ ಶಬ್ದಕೋಶದ ನಮೂದುಗಳು. ಪ್ರಾಣಾಪಾಯದ ನಡುವೆ ಮಾಡಿದ ಈ ಕಾರ್ಯವನ್ನು ಭಾಷಾಶಾಸ್ತ್ರದ ಅತ್ಯುನ್ನತ ಸಾಧನೆಗಳಲ್ಲಿ ಒಂದೆಂದು ಎಣಿಸಬೇಕು.

ಆದರೆ ಕ್ಲೆಂಪರರರ ಉದಾಹರಣೆಯಿಂದ ಸಾಹಿತ್ಯದ ವಿದ್ವಾಂಸರು ಹೆಮ್ಮೆಪಡಲು ಹೊರಟರೆ ಎದುರು ಉದಾಹರಣೆಗಳು ಕಾದಿವೆ. ಪ್ರಚಾರ ಸಚಿವ ಜೋಸೆಫ್ ಗೋಬೆಲ್ಸ್ 1921ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದಿಂದ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದವನು. ಅವನ ಮಹಾಪ್ರಬಂಧದ ವಿಷಯ ರೊಮ್ಯಾಂಟಿಕ್ ಯುಗದ ಒಬ್ಬ ನಾಟಕಕಾರ. ಮಾರ್ಗದರ್ಶನ ಮಾಡಿದ ಮಾಕ್ಸ್ ಫಾನ್ ವಾಲ್ಡ್‌ಬರ್ಗ್ ಯಹೂದಿ ಮೂಲದವರು. ಶಿಷ್ಯನ ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಗುರುವಿನ ಬೋಧನೆಯ ಹಕ್ಕನ್ನೇ ಕಸಿದುಕೊಳ್ಳಲಾಯಿತು. ನ್ಯೂರೆಂಬರ್ಗಿನಿಂದಲೇ ‘ಡೇರ್ ಷ್ಟ್ಯೂರ್ಮರ್’ ಎಂಬ ಯಹೂದಿದ್ವೇಷಿ ಪತ್ರಿಕೆಯನ್ನು 1923ರಿಂದ ನಡೆಸಿದ ಜೂಲಿಯಸ್ ಸ್ಟ್ರೈಖರ್ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವನು. ಯಹೂದಿಗಳನ್ನು ವಿಷದ ಅಣಬೆಗೆ ಹೋಲಿಸಿದ ಮಕ್ಕಳ ಪುಸ್ತಕ 1938ರಲ್ಲಿ ಹೊರಬಂದದ್ದು ಅವನ ಪ್ರಕಾಶನದಿಂದ. 1933ರ ಮೇ 10ರಂದು ಜರ್ಮನಿಯ ವಿಶ್ವವಿದ್ಯಾಲಯ ನಗರಗಳಲ್ಲಿ ಪುಸ್ತಕಗಳನ್ನು ಸುಟ್ಟ ಕಾರ್ಯಕ್ರಮವನ್ನು ಸಂಘಟಿಸಿದವರು ವಿದ್ಯಾರ್ಥಿಗಳು. ಬಾನ್ ನಗರದಲ್ಲಿ ಆ ಬೆಂಕಿಯ ಮುಂದೆ ಭಾಷಣ ಮಾಡಿದವರಲ್ಲಿ ಒಬ್ಬರು ಜರ್ಮನ್ ಸಾಹಿತ್ಯದ ಹೆಸರಾಂತ ಪ್ರಾಧ್ಯಾಪಕ ಹಾನ್ಸ್ ನೌಮನ್.

ಇದರಿಂದ ತೀರ್ಮಾನವಾಗುವುದು ಇಷ್ಟು. ಸಾಹಿತ್ಯದ ಓದು ತನ್ನಷ್ಟಕ್ಕೆ ತಾನೇ ಮನುಷ್ಯನನ್ನು ಪ್ರಚಾರದಿಂದ ಕಾಪಾಡುವುದಿಲ್ಲ. ಲಯ, ರೂಪಕ, ಪುನರುಕ್ತಿಗಳ ಶಕ್ತಿಯನ್ನು ಚೆನ್ನಾಗಿ ಬಲ್ಲವನೇ ಅವನ್ನು ಚೆನ್ನಾಗಿ ದುರುಪಯೋಗ ಮಾಡಬಲ್ಲ. ಅವುಗಳ ಸೊಗಸಿಗೆ ಬೇಗ ಮಣಿಯುವವನೂ ಅವನೇ. ಆಸ್ವಾದನೆಯನ್ನು ಕಲಿಸಿ ಪರೀಕ್ಷಣೆಯನ್ನು ಕಲಿಸದ ಸಾಹಿತ್ಯಶಿಕ್ಷಣ ಅರ್ಧಶಿಕ್ಷಣ.

ಮಾತಿನ ಹೊಣೆಯೆಷ್ಟು ಎಂಬ ಪ್ರಶ್ನೆ ಇದೇ ನಗರದ ನ್ಯಾಯಾಲಯದಲ್ಲಿ ಪ್ರತ್ಯಕ್ಷವಾಗಿ ಬಂದಿತು. 1945–46ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸ್ಟ್ರೈಖರನ ಮೇಲೆ ಯುದ್ಧಸಂಚಿನ ಆರೋಪ ಸಾಬೀತಾಗಲಿಲ್ಲ. ಅವನ ಅಸ್ತ್ರ ಅಚ್ಚಿನ ಮೊಳೆ ಮತ್ತು ನಾಲಗೆ. ಆದರೂ ಯಹೂದಿಗಳ ನಿರ್ಮೂಲನಕ್ಕೆ ಪ್ರಚೋದನೆ ನೀಡಿದ್ದು ಮಾನವತೆಯ ವಿರುದ್ಧದ ಅಪರಾಧವೆಂದು ನ್ಯಾಯಾಲಯ ತೀರ್ಮಾನಿಸಿ ಮರಣದಂಡನೆ ವಿಧಿಸಿತು. ಪ್ರಚಾರ ಸಚಿವಾಲಯದ ರೇಡಿಯೋ ವಿಭಾಗದ ಮುಖ್ಯಸ್ಥ ಹಾನ್ಸ್ ಫ್ರಿಟ್ಸ್‌ಶೆ ಅದೇ ವಿಚಾರಣೆಯಲ್ಲಿ ಬಿಡುಗಡೆ ಹೊಂದಿದನು. ಅವನಿಗೆ ಶಿಕ್ಷೆಯಾದದ್ದು ಆಮೇಲೆ, ಬೇರೊಂದು ಜರ್ಮನ್ ನ್ಯಾಯಮಂಡಳಿಯಲ್ಲಿ. ಒಬ್ಬನು ಬೈಗುಳದ ಭಾಷೆಯವನು, ಇನ್ನೊಬ್ಬನು ಸಭ್ಯ ಸ್ವರದ ವಾರ್ತಾವ್ಯಾಖ್ಯಾನದವನು. ಕಾನೂನಿಗೆ ಮೊದಲನೆಯವನನ್ನು ಹಿಡಿಯುವುದು ಸುಲಭವಾಯಿತು. ಎರಡನೆಯವನನ್ನು ಹಿಡಿಯಬೇಕಾದದ್ದು ಓದುಗನ ವಿವೇಕ.

ಜೈನಾಧ್ಯಯನದ ಹಿನ್ನೆಲೆಯುಳ್ಳ ಸಂದರ್ಶಕನಿಗೆ ಈ ಪ್ರದರ್ಶನದಲ್ಲಿ ಇನ್ನೊಂದು ವಿಶೇಷ ಸಂಕಟವಿದೆ. ಏಳನೆಯ ತೀರ್ಥಂಕರರಾದ ಸುಪಾರ್ಶ್ವನಾಥರ ಲಾಂಛನವೂ, ಬಸದಿಗಳಲ್ಲಿ ಅಕ್ಕಿಯ ಕಾಳುಗಳಿಂದ ರಚಿಸುವ ಮಂಗಳಚಿಹ್ನೆಯೂ ಆದ ಸ್ವಸ್ತಿಕವನ್ನೇ ಹೋಲುವ ಆಕೃತಿ ಗೋಡೆಗೋಡೆಯಲ್ಲಿ ಕಾಣಿಸುತ್ತದೆ. ‘ಅದು ನಮ್ಮದಲ್ಲ, ವಾಲಿಸಿ ಬರೆದದ್ದು’ ಎಂಬ ಸಮಾಧಾನ ಪ್ರಚಲಿತವಾಗಿದೆ. ಆದರೆ ಕೋನದ ವ್ಯತ್ಯಾಸಕ್ಕಿಂತ ಅರ್ಥದ ವ್ಯತ್ಯಾಸ ಗಹನವಾದದ್ದು. ಜೈನರ ವ್ಯಾಖ್ಯಾನದಲ್ಲಿ ಸ್ವಸ್ತಿಕದ ನಾಲ್ಕು ಭುಜಗಳು ದೇವ, ಮನುಷ್ಯ, ತಿರ್ಯಂಚ, ನರಕ ಎಂಬ ನಾಲ್ಕು ಗತಿಗಳು. ಯಾವ ಜೀವಕ್ಕೂ ಯಾವ ಜನ್ಮವೂ ಶಾಶ್ವತವಲ್ಲ, ಇಂದು ಮೇಲಿರುವುದು ನಾಳೆ ಕೆಳಗಿರಬಹುದು ಎಂಬುದರ ಸ್ಮರಣೆ ಅದು. ಹುಟ್ಟಿನಿಂದ ಬಂದ ರಕ್ತವೇ ಮನುಷ್ಯನ ಶಾಶ್ವತ ಲಕ್ಷಣವೆಂದು ಸಾರಿದ ಪಕ್ಷ ಅದೇ ಆಕೃತಿಯನ್ನು 1920ರಲ್ಲಿ ತನ್ನ ಬಾವುಟಕ್ಕೆ ಏರಿಸಿಕೊಂಡಿತು. ಚಿಹ್ನೆಗೆ ತನ್ನನ್ನು ತಾನು ರಕ್ಷಿಸಿಕೊಳ್ಳುವ ಶಕ್ತಿಯಿಲ್ಲ; ಅರ್ಥವನ್ನು ಕಾಯಬೇಕಾದವರು ಅದನ್ನು ಬಳಸುವವರು. ಜರ್ಮನಿಯಲ್ಲಿ ಇಂದು ನಾಜಿ ಚಿಹ್ನೆಗಳ ಸಾರ್ವಜನಿಕ ಬಳಕೆ ಅಪರಾಧ. ಶಿಕ್ಷಣ, ಸಂಶೋಧನೆ, ಕಲೆಗಳಿಗೆ ಮಾತ್ರ ವಿನಾಯಿತಿಯಿದೆ. ವಿವರಣೆಯ ಜೊತೆಗೆ ನೋಡುವುದು ಬೇರೆ, ಬರಿದೇ ನೋಡುವುದು ಬೇರೆ ಎಂಬ ವಿವೇಕ ಆ ವಿನಾಯಿತಿಯಲ್ಲಿದೆ.

ಇಂಥ ವಸ್ತುಸಂಗ್ರಹಾಲಯಗಳ ಬಗ್ಗೆ ಗಂಭೀರವಾದ ಆಕ್ಷೇಪಗಳೂ ಇವೆ. ಈ ಕಟ್ಟಡಗಳನ್ನು ಸಾರ್ವಜನಿಕ ಹಣದಿಂದ ಸಂರಕ್ಷಿಸುವುದು ಅವುಗಳ ಘನತೆಯನ್ನು ಹೆಚ್ಚಿಸಿದಂತೆ, ಅವು ತಾವಾಗಿ ಕುಸಿಯಲಿ ಎನ್ನುವವರಿದ್ದಾರೆ. ವಿಷವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೂ ವಿಷವೇ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ಝೆಪೆಲಿನ್ ಮೈದಾನದ ವೇದಿಕೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗನಿಗೆ ಆ ಸ್ಥಳ ಏನನ್ನು ಕಲಿಸುತ್ತದೆಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಕುಸಿದ ಪಾಳಿಗೆ ತನ್ನದೇ ಆದ ಮೋಹಕತೆ ಇರುತ್ತದೆಂಬುದನ್ನು ಹಂಪಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ವಿವರಣೆಯಿಲ್ಲದ ಅವಶೇಷ ದಂತಕಥೆಯಾಗುತ್ತದೆ. ದಂತಕಥೆಯನ್ನು ಪ್ರಶ್ನಿಸುವುದು ಕಟ್ಟಡವನ್ನು ಪ್ರಶ್ನಿಸುವುದಕ್ಕಿಂತ ಕಷ್ಟ. ಆದ್ದರಿಂದ ಉಳಿಸಿಕೊಂಡು ಓರೆಯಾಗಿ ಸೀಳಿ ತೋರಿಸಿದ ಡೊಮೆನಿಗ್‌ರ ಮಾರ್ಗವೇ ಹೆಚ್ಚು ಸಮಂಜಸ.

ಸಾಹಿತ್ಯ ವಿಭಾಗಗಳು ಈ ಮಾರ್ಗವನ್ನು ತಮ್ಮ ತರಗತಿಗಳಿಗೂ ತರಬೇಕು. ಸ್ನಾತಕೋತ್ತರ ಪಠ್ಯಕ್ರಮದಲ್ಲಿ ಧ್ವನಿ, ವಕ್ರೋಕ್ತಿ, ಔಚಿತ್ಯಗಳನ್ನು ಶ್ರೇಷ್ಠ ಕಾವ್ಯಗಳ ಆಧಾರದಿಂದಲೇ ಬೋಧಿಸಲಾಗುತ್ತಿದೆ. ಆ ಪರಿಕರಗಳಿಂದಲೇ ಒಂದು ಸರ್ವಾಧಿಕಾರದ ಭಿತ್ತಿಪತ್ರವನ್ನು, ಒಂದು ಭಾಷಣವನ್ನು, ಒಂದು ಸರ್ಕಾರಿ ಕಡತದ ವಾಕ್ಯವನ್ನು ಬಿಡಿಸಿ ನೋಡುವ ಅಭ್ಯಾಸವೂ ಅದರ ಜೊತೆಗಿರಬೇಕು. ಇಲ್ಲಿ ‘ನಾವು’ ಎಂದರೆ ಯಾರು? ಹೊರಗುಳಿದವರು ಯಾರು? ಕರ್ಮಣಿ ಪ್ರಯೋಗದ ಮರೆಯಲ್ಲಿ ಅಡಗಿದ ಕರ್ತೃ ಯಾರು? ಈ ಸೊಗಸಿನ ಕಲ್ಲನ್ನು ಒಡೆದವರು ಯಾರು? ವ್ಯಾಕರಣದ ಪ್ರಾಥಮಿಕ ಪ್ರಶ್ನೆಗಳಂತೆ ಕಾಣುವ ಇವನ್ನು ಹೈಡೆಲ್‌ಬರ್ಗಿನ ಆ ಡಾಕ್ಟರೇಟ್ ಪದವೀಧರನು ಉತ್ತರಿಸಲಾಗದೆ ಬಿಟ್ಟವನಲ್ಲ; ಅವನ್ನು ಜನ ಕೇಳದಂತೆ ನೋಡಿಕೊಂಡವನು. ಕೇಳುವ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸದಿದ್ದರೆ ಮೈದಾನದಲ್ಲಿ, ದೀಪಗಳ ನಡುವೆ, ಅದು ಹೊಸದಾಗಿ ಹುಟ್ಟಲಾರದು.